ಉಮ್ಮನಿಗೊಂದು ಮನೆ, ಎರಡು ತಲೆಬರಹ

ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನಲ್ಲಿ ಇಬ್ಬರು ಹುಡುಗರಿದ್ದರು. ಇಬ್ಬರೂ ಅದೇ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದವರು. ಕೈಗೆ ಸಂಪಾದನೆ ಬಂದ ಮೇಲೆ ಇಬ್ಬರೂ ತಮ್ಮ ತಾಯಿಗೆ ಮನೆ ಕೊಂಡರು. ಬೆಲೆಯೂ ಹೆಚ್ಚುಕಡಿಮೆ ಒಂದೇ, 20 ಲಕ್ಷ ಪೌಂಡಿನ ಆಸುಪಾಸು. ಒಬ್ಬ ಫಿಲ್ ಫೋಡನ್, ಬಿಳಿಯ ಹುಡುಗ. ಇನ್ನೊಬ್ಬ ಟೋಸಿನ್ ಅಡರಬಿಯೊ, ಕಪ್ಪು ಹುಡುಗ.

ಇಂಗ್ಲೆಂಡಿನ ಡೈಲಿ ಮೇಲ್ ಫೋಡನ್ ಬಗ್ಗೆ ಹಾಕಿದ ತಲೆಬರಹದ ಸಾರ ಇಷ್ಟೇ: ಬೆಳೆಯುತ್ತಿರುವ ತಾರೆ ಅಮ್ಮನಿಗೆ ಹೊಸ ಮನೆ ಕೊಂಡ. ಟೋಸಿನ್ ಬಗ್ಗೆ ಹಾಕಿದ್ದರ ಸಾರ: ವಾರಕ್ಕೆ 25 ಸಾವಿರ ಪೌಂಡ್ ಎಣಿಸುವ ಹುಡುಗ, ಪ್ರೀಮಿಯರ್ ಲೀಗಿನ ಒಂದು ಪಂದ್ಯದಲ್ಲೂ ಮೊದಲ ಹನ್ನೊಂದರಲ್ಲಿ ಆಡದಿದ್ದರೂ ಬಂಗಲೆಗೆ ದುಡ್ಡು ಸುರಿದ. ಒಬ್ಬನ ಮನೆಯಲ್ಲಿ ತಾಯಿ ಕಂಡಳು, ಇನ್ನೊಬ್ಬನ ಮನೆಯಲ್ಲಿ ಬರೀ ದುಡ್ಡು ಕಂಡಿತು.

ಈ ಎರಡು ತಲೆಬರಹಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದ್ದು ರಹೀಂ ಸ್ಟರ್ಲಿಂಗ್, 2018ರ ಡಿಸೆಂಬರಿನಲ್ಲಿ. ಅದರ ಹಿಂದಿನ ದಿನವಷ್ಟೇ ಚೆಲ್ಸಿಯ ಮೈದಾನದಲ್ಲಿ ಗ್ಯಾಲರಿಯಲ್ಲಿದ್ದವರು ಅವನ ಮುಖಕ್ಕೇ ಬೈದಿದ್ದರು. ಬೈದವರ ಬಗ್ಗೆ ಅವನು ಹೆಚ್ಚು ಹೇಳಲಿಲ್ಲ. ಅವರಿಗೆ ಆ ಧೈರ್ಯ ತುಂಬುವುದು ಇಂಥ ಪತ್ರಿಕೆಗಳು ಎಂದ.

ಇದು ಅರ್ಥವಾಗಲು ನಮಗೆ ಆಫ್‌ಸೈಡ್ ನಿಯಮ ಗೊತ್ತಿರಬೇಕಿಲ್ಲ. ದುಬೈಗೋ ದಮ್ಮಾಮಿಗೋ ಹೋದ ನಮ್ಮ ಹುಡುಗ ಮೊದಲು ಕನಸು ಕಾಣುವುದೇ ಉಮ್ಮನಿಗೆ ಒಂದು ಮನೆ. ಹತ್ತು ವರ್ಷ ಬಿಸಿಲಲ್ಲಿ ಬೆಂದು ಮನೆ ಎಬ್ಬಿಸಿದ ಮೇಲೆ, ಇಷ್ಟು ದುಡ್ಡು ಎಲ್ಲಿಂದ ಬಂತು ಎಂದು ಊರಿನಲ್ಲಿ ಯಾರೋ ಕೇಳುತ್ತಾರೆ. ಆ ಒಂದು ಪ್ರಶ್ನೆಯಲ್ಲಿರುವ ವಿಷವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಆ ಎರಡು ತಲೆಬರಹಗಳಲ್ಲಿ ಸುಳ್ಳು ಇರಬೇಕಾದ ಅಗತ್ಯವೇ ಇಲ್ಲ. ಸಂಬಳದ ಅಂಕಿ ನಿಜವಿರಬಹುದು, ಆಡದ ಪಂದ್ಯಗಳ ಲೆಕ್ಕವೂ ನಿಜವಿರಬಹುದು. ಆದರೆ ಯಾರ ಬಗ್ಗೆ ಬರೆಯುವಾಗ ಯಾವ ನಿಜವನ್ನು ಹೊರಗೆ ತೆಗೆಯಬೇಕು ಎಂಬುದನ್ನು ಮೇಜಿನ ಮುಂದೆ ಕೂತವನು ನಿರ್ಧರಿಸುತ್ತಾನೆ. ಹಾಗಾಗಿಯೇ ಸುಳ್ಳು ಸುದ್ದಿಗಿಂತ ಇದು ಹೆಚ್ಚು ಅಪಾಯಕಾರಿ. ಸುಳ್ಳಿನ ಮೇಲೆ ಕೇಸು ಹಾಕಬಹುದು, ತಕ್ಕಡಿಯ ಮೇಲೆ ಹಾಕುವುದು ಹೇಗೆ?

ಅದೇ 2018ರ ವಿಶ್ವಕಪ್ಪಿಗೆ ಮೊದಲು ಸ್ಟರ್ಲಿಂಗನ ಕಾಲಿನ ಮೇಲಿದ್ದ ಬಂದೂಕಿನ ಹಚ್ಚೆ ದಿ ಸನ್ ಪತ್ರಿಕೆಗೆ ಮುಖಪುಟದ ಸುದ್ದಿಯಾಯಿತು. ಅವನಿಗೆ ಎರಡು ವರ್ಷವಿದ್ದಾಗ ತಂದೆಯನ್ನು ಜಮೈಕಾದಲ್ಲಿ ಗುಂಡಿಟ್ಟು ಕೊಂದಿದ್ದರು. ಇನ್ನೆಂದೂ ಬಂದೂಕು ಮುಟ್ಟುವುದಿಲ್ಲ ಎಂಬ ಮಾತಿಗೆ ಆ ಹಚ್ಚೆ, ನಾನು ಶೂಟ್ ಮಾಡುವುದು ಬಲಗಾಲಿನಿಂದ ಮಾತ್ರ ಎಂದು ಅವನು ವಿವರಿಸಬೇಕಾಯಿತು. ಅಪ್ಪನನ್ನು ಕಳಕೊಂಡ ಮಗ ತನ್ನ ದುಃಖಕ್ಕೂ ಪತ್ರಿಕೆಗೆ ಸಮಜಾಯಿಷಿ ಕೊಡಬೇಕು!

2021ರ ಜುಲೈ 11ರಂದು ವೆಂಬ್ಲಿಯಲ್ಲಿ ಯೂರೋ ಫೈನಲ್. ಇಟಲಿಯ ಎದುರು ಪೆನಾಲ್ಟಿ ತಪ್ಪಿಸಿಕೊಂಡವರು ರ‍್ಯಾಶ್‌ಫರ್ಡ್, ಸಾಂಚೊ ಮತ್ತು 19 ವರ್ಷದ ಸಾಕಾ. ಮೂವರೂ ಕಪ್ಪು ಹುಡುಗರು. ಅಂದು ರಾತ್ರಿಯೇ ಅವರ ಫೋನುಗಳಿಗೆ ಹೊಲಸು ಹರಿದು ಬಂತು. ಮರುದಿನ ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು, ಎಲ್ಲ ತಪ್ಪು ಸಾಮಾಜಿಕ ಜಾಲತಾಣದ್ದು ಎಂದವು. ವರ್ಷಗಟ್ಟಲೆ ಪಾಠ ಹೇಳಿಕೊಟ್ಟ ಮೇಷ್ಟ್ರು ಪರೀಕ್ಷೆಯ ದಿನ ಈ ಮಕ್ಕಳು ಯಾರೋ ಗೊತ್ತಿಲ್ಲ ಎಂದರೆ ನಂಬಬೇಕೇ?

ಇದು ಇಂಗ್ಲೆಂಡಿನ ರೋಗ ಮಾತ್ರ ಅಲ್ಲ. ಮೆಸೂಟ್ ಓಝಿಲ್ ಹುಟ್ಟಿದ್ದು ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ. ಜರ್ಮನಿಯಲ್ಲೇ ಹುಟ್ಟಿ ಬೆಳೆದವನಿಗೆ 2010ರಲ್ಲಿ ಬಾಂಬಿ ಪ್ರಶಸ್ತಿ ಕೊಟ್ಟರು. ಯಾವುದಕ್ಕೆ? ಜರ್ಮನ್ ಸಮಾಜದಲ್ಲಿ ಚೆನ್ನಾಗಿ ಬೆರೆತದ್ದಕ್ಕೆ! 2014ರಲ್ಲಿ ವಿಶ್ವಕಪ್ ಗೆದ್ದಾಗ ಅವನು ದೇಶದ ಮಗ. 2018ರಲ್ಲಿ ತುರ್ಕಿಯ ಅಧ್ಯಕ್ಷ ಎರ್ದೋಗಾನ್ ಜೊತೆ ಫೋಟೋ ತೆಗೆಸಿಕೊಂಡ, ತಂಡ ಮೊದಲ ಸುತ್ತಿನಲ್ಲೇ ಸೋತು ಬಂತು, ಅಲ್ಲಿಗೆ ಅವನು ಪರದೇಶಿ. ಗೆದ್ದರೆ ಜರ್ಮನ್, ಸೋತರೆ ವಲಸಿಗ ಎಂಬ ಅರ್ಥದ ಮಾತು ಹೇಳಿ ಜುಲೈಯಲ್ಲಿ ರಾಷ್ಟ್ರೀಯ ತಂಡ ಬಿಟ್ಟ. ಅದೇ ಬೇಸಿಗೆಯಲ್ಲಿ ಬೆಲ್ಜಿಯಂನ ಲುಕಾಕು ಕೂಡ ಇದನ್ನೇ ಬರೆದ: ಚೆನ್ನಾಗಿ ಆಡಿದರೆ ಬೆಲ್ಜಿಯಂ ಆಟಗಾರ, ಆಡದಿದ್ದರೆ ಕಾಂಗೋ ಮೂಲದವ.

ಆ ಫೋಟೋವನ್ನು ಟೀಕಿಸಬಾರದಿತ್ತೇ ಎಂದು ಕೇಳಬಹುದು. ಧಾರಾಳವಾಗಿ ಟೀಕಿಸಲಿ. ಪತ್ರಕರ್ತರನ್ನು ಜೈಲಿಗೆ ಹಾಕಿದ ಸರಕಾರದ ಮುಖ್ಯಸ್ಥನ ಪಕ್ಕ ನಿಂತವನನ್ನು ಪ್ರಶ್ನಿಸುವುದು ಪತ್ರಿಕೆಯ ಕೆಲಸವೇ. ಆದರೆ ಅದೇ ವರ್ಷ ಜರ್ಮನಿಯ ಹಳೆಯ ನಾಯಕ ಲೋಥರ್ ಮಥಾಯಸ್ ರಷ್ಯಾದ ಪುಟಿನ್ ಜೊತೆ ಕೈಕುಲುಕಿದ್ದಕ್ಕೆ ಅಷ್ಟು ಗದ್ದಲ ಎಲ್ಲಿ ಎದ್ದಿತು? ಮಥಾಯಸ್ ಜರ್ಮನ್ ಹೌದೋ ಅಲ್ಲವೋ ಎಂದು ಯಾರು ಕೇಳಿದರು? ನಮ್ಮ ತಕರಾರು ಟೀಕೆಯ ಮೇಲಲ್ಲ. ಒಬ್ಬ ತಪ್ಪಿದರೆ ಅದು ಅವನ ತಪ್ಪು, ಇನ್ನೊಬ್ಬ ತಪ್ಪಿದರೆ ಅದು ಅವನ ಜನಾಂಗದ ತಪ್ಪು ಎಂಬ ಲೆಕ್ಕದ ಮೇಲೆ. ಆರೋಪಿಯ ಹೆಸರು ನೋಡಿ ಅಕ್ಷರದ ಗಾತ್ರ ನಿರ್ಧರಿಸುವ ನಮ್ಮೂರಿನ ಚಾನೆಲ್‌ಗಳನ್ನು ಕಂಡವರಿಗೆ ಈ ಲೆಕ್ಕ ಹೊಸದೇನಲ್ಲ.

ಇನ್ನು ಸಲಾಹ್. ಅವನು ಲಿವರ್‌ಪೂಲಿಗೆ ಬಂದ ಮೇಲೆ ಆ ಪ್ರದೇಶದಲ್ಲಿ ದ್ವೇಷದ ಅಪರಾಧಗಳು ಸುಮಾರು 19 ಶೇಕಡಾ ಕಡಿಮೆಯಾದವು ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಹೇಳಿದರು. ಇದನ್ನು ನಾವೂ ಹೆಮ್ಮೆಯಿಂದ ಹಂಚಿಕೊಂಡೆವು. ಸಂತೋಷವೇ. ಆದರೆ ಸ್ವಲ್ಪ ನಿಂತು ಯೋಚಿಸಿ. ಅದೇ ಊರಿನ ಟ್ಯಾಕ್ಸಿ ಚಾಲಕ ಮುಸ್ಲಿಮ ನೆಮ್ಮದಿಯಿಂದ ಮನೆ ಸೇರಲು ಒಬ್ಬ ಈಜಿಪ್ಟಿನವ ವಾರವಾರ ಗೋಲು ಹೊಡೆಯಬೇಕೇ? ಅವನು ಗಾಯಗೊಂಡ ವಾರ ಏನು ಗತಿ? ಒಳ್ಳೆಯ ಮುಸ್ಲಿಮನಿಗೆ ಚಪ್ಪಾಳೆ ಕೊಡುವ ಸಮಾಜಕ್ಕಿಂತ ಸಾಧಾರಣ ಮುಸ್ಲಿಮನನ್ನು ಅವನ ಪಾಡಿಗೆ ಬಿಡುವ ಸಮಾಜ ದೊಡ್ಡದು.

ನಮ್ಮ ಕಡೆಯ ತಕ್ಕಡಿಯನ್ನೂ ನೋಡಿಕೊಳ್ಳೋಣ. ಸುಜೂದ್ ಮಾಡುವಾಗ ಸಲಾಹ್ ನಮ್ಮವನು. ಕ್ರಿಸ್ಮಸ್ ಮರದ ಪಕ್ಕ ಹೆಂಡತಿ ಮಕ್ಕಳೊಂದಿಗೆ ಫೋಟೋ ಹಾಕಿದ ದಿನ ಅವನ ಈಮಾನ್ ಅಳೆಯಲು ಸಾವಿರಾರು ಜನ ಸಾಲು ನಿಲ್ಲುತ್ತಾರೆ. ಅವರಲ್ಲಿ ನಮ್ಮವರೂ ಇರುತ್ತಾರೆ. ಗೆದ್ದರೆ ನಮ್ಮವ, ಮನಸ್ಸಿಗೆ ಹಿಡಿಸದಿದ್ದರೆ ಹೊರಗಿನವ ಎಂಬುದನ್ನು ಜರ್ಮನ್ ಪತ್ರಿಕೆ ಮಾಡಿದರೆ ಅನ್ಯಾಯ, ನಾವು ಮಾಡಿದರೆ ದೀನಿನ ಕಾಳಜಿ ಆಗುವುದಿಲ್ಲ.

ಹಾಗಾದರೆ ಮಾಡುವುದೇನು? ಉತ್ತರ ಲಿವರ್‌ಪೂಲಿನಲ್ಲೇ ಇದೆ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೊ ಮೈದಾನದ ನೂಕುನುಗ್ಗಲಿನಲ್ಲಿ ಆ ಊರಿನ ಅಭಿಮಾನಿಗಳು ಸತ್ತರು, ಸಾವಿನ ಲೆಕ್ಕ ಕೊನೆಗೆ 97ಕ್ಕೆ ಮುಟ್ಟಿತು. ನಾಲ್ಕೇ ದಿನದಲ್ಲಿ ದಿ ಸನ್ ತನ್ನ ಮುಖಪುಟದಲ್ಲಿ ‘ಸತ್ಯ’ ಎಂಬ ತಲೆಬರಹ ಹಾಕಿ, ಬದುಕುಳಿದವರು ಸತ್ತವರ ಜೇಬಿಗೆ ಕೈ ಹಾಕಿದರು ಎಂದು ಅಚ್ಚು ಹಾಕಿತು. ಅಲ್ಲಿ ಬಲಿಯಾದದ್ದು ಬಣ್ಣಕ್ಕಾಗಿ ಅಲ್ಲ, ದುಡಿಯುವ ವರ್ಗದವರಾದದ್ದಕ್ಕೆ. ಅಭಿಮಾನಿಗಳದ್ದು ತಪ್ಪಿಲ್ಲ ಎಂದು ತೀರ್ಪು ಬರಲು 2016 ಆಗಬೇಕಾಯಿತು. ಆ ತಾಯಂದಿರು ಅಲ್ಲಿಯವರೆಗೆ ಸುಮ್ಮನೆ ಕೂರಲಿಲ್ಲ. ಊರೇ ಆ ಪತ್ರಿಕೆ ಕೊಳ್ಳುವುದನ್ನು ಬಿಟ್ಟಿತು, ಎಷ್ಟೋ ಅಂಗಡಿಯವರು ಮಾರುವುದನ್ನು ಬಿಟ್ಟರು. ಮೂವತ್ತು ವರ್ಷ ದಾಟಿದರೂ ಆ ಬಹಿಷ್ಕಾರ ಮುಗಿದಿಲ್ಲ.

ಅವರು ಕಲ್ಲು ಎಸೆಯಲಿಲ್ಲ, ಕಾಸು ಕೊಡಲಿಲ್ಲ ಅಷ್ಟೇ. ಇಂದು ಆ ಕಾಸಿನ ಜಾಗದಲ್ಲಿ ನಮ್ಮ ಮಕ್ಕಳ ಬೆರಳಿದೆ. ಒಂದು ಒತ್ತು, ಒಂದು ಶೇರ್, ಅದೇ ಅವರ ಸಂಪಾದನೆ. ಆರ್ಸೆನಲ್ ಜೆರ್ಸಿ ಹಾಕಿ ಮಧ್ಯರಾತ್ರಿ ಮ್ಯಾಚ್ ನೋಡುವ ಹುಡುಗನಿಗೆ ಬೇಗ ಮಲಗು ಎಂದು ಗದರಿಸುವ ಬದಲು ಒಂದು ಅಭ್ಯಾಸ ಹೇಳಿಕೊಡಿ: ತಲೆಬರಹ ಓದಿದ ಕೂಡಲೇ ಅದರಲ್ಲಿರುವ ಹೆಸರು ತೆಗೆದು ಬೇರೊಂದು ಹೆಸರು ಹಾಕಿ ನೋಡು. ಆಗಲೂ ಹೀಗೆಯೇ ಬರೆಯುತ್ತಿದ್ದರೇ? ಇಲ್ಲ ಅನ್ನಿಸಿದರೆ ಒತ್ತಬೇಡ, ಯಾರಿಗೂ ಕಳಿಸಬೇಡ. ಈ ಕಣ್ಣು ಬಂದ ಹುಡುಗ ನಾಳೆ ನಮ್ಮೂರಿನ ಸುದ್ದಿಯನ್ನೂ, ಮನೆಯವರ ವಾಟ್ಸಾಪ್ ಗುಂಪಿಗೆ ಬರುವುದನ್ನೂ ಹಾಗೆಯೇ ತೂಗುತ್ತಾನೆ.