ಗಗನದಲ್ಲಿ ಹೆಸರು ಹೇಳುವ ಕ್ರಮ

ನಮ್ಮ ಬಾಲ್ಯದಲ್ಲಿ ಹಿರಿಯರಿಗೆ ಅಭಿವಾದನ ಮಾಡುವಾಗ ಪ್ರವರ, ಗೋತ್ರ, ಸೂತ್ರಗಳನ್ನೆಲ್ಲ ಹೇಳಿ ಕಡೆಯಲ್ಲಿ ಹೆಸರನ್ನು ಹೇಳಬೇಕಾಗಿದ್ದಿತು. ಹಿರಿಯರಾದರೋ ನಮ್ಮನ್ನು ಮೊಟಕು ಹೆಸರಿನಿಂದಲೇ ಕೂಗುವರು. ಈ ಮರ್ಯಾದೆಯು ಗಗನದಲ್ಲಿಯೂ ಉಂಟೆಂಬುದನ್ನು, ವಿಮಾನ ನಡೆಸಲು ಕಲಿತಿರುವ ನಮ್ಮ ಹಳೆಯ ಶಿಷ್ಯನೊಬ್ಬನಿಂದ ಈಚೆಗೆ ತಿಳಿದೆವು.

ಕಂಪೆನಿಯ ದೊಡ್ಡ ವಿಮಾನವು ಕಂಪೆನಿಯ ಹೆಸರನ್ನೂ ಆ ಪ್ರಯಾಣದ ಸಂಖ್ಯೆಯನ್ನೂ ಹೇಳಿಕೊಳ್ಳುವುದು. ಖಾಸಗಿ ವೈಮಾನಿಕನಿಗೆ ಸಾಮಾನ್ಯವಾಗಿ ವಿಮಾನದ ಮೈಮೇಲೆ ಬರೆದ ಅಕ್ಷರಗಳೇ ಹೆಸರು. ಜಕ್ಕೂರಿನ ಮೈದಾನದಲ್ಲಿ ಚಿಕ್ಕ ವಿಮಾನಗಳನ್ನು ಕಂಡ ವಾಚಕರು, ಅವುಗಳ ಮೇಲೆ ಮೊದಲು ವಿ, ಟಿ ಎಂದಿರುವುದನ್ನು ಗಮನಿಸಿರಬಹುದು. ಅದು ಭಾರತದ ಗೋತ್ರವೆನ್ನೋಣ. ಬ್ರಿಟಿಷರ ಕಾಲದಲ್ಲಿ ಬಂದದ್ದು ಇಂದಿಗೂ ಉಳಿದಿದೆ. ಅಮೆರಿಕದ್ದು ಎನ್, ಬ್ರಿಟನ್ನಿನದು ಜಿ. ನಮ್ಮಲ್ಲಿ ಮುಂದಿನ ಮೂರಕ್ಷರಗಳು ಆಯಾ ವಿಮಾನದ ಸ್ವಂತ ಹೆಸರು.

ಬಿ, ಡಿ, ಪಿ, ಟಿ ಇವೆಲ್ಲವೂ ರೇಡಿಯೋದ ಗೊರಗೊರದಲ್ಲಿ ಒಂದೇ ಆಗಿ ಕೇಳುವುವು. (ಅಕ್ಷರಗಳಿಗೆ ಹೀಗೆ ಹೆಸರಿಟ್ಟವರು ಶಿಕ್ಷಾಶಾಸ್ತ್ರವನ್ನು ಓದಿರಲಾರರು!) ಆದುದರಿಂದ ಎ ಎಂಬುದಕ್ಕೆ ಆಲ್ಫಾ, ಬಿ ಎಂಬುದಕ್ಕೆ ಬ್ರಾವೋ, ಸಿ ಎಂಬುದಕ್ಕೆ ಚಾರ್ಲಿ ಎಂದು ಒಂದೊಂದು ಪದವನ್ನು ಗೊತ್ತುಮಾಡಿದ್ದಾರೆ. ಈಗಿನ ಪದಮಾಲೆಯು 1956ರಿಂದ ಬಳಕೆಯಲ್ಲಿದೆ.

ವೈಮಾನಿಕನು ಮೊದಲು ನಿಯಂತ್ರಣ ಗೋಪುರವನ್ನು ಹೆಸರಿಟ್ಟು ಕರೆದು, ಬಳಿಕ "ವಿಕ್ಟರ್ ಟ್ಯಾಂಗೋ ಆಲ್ಫಾ ಬ್ರಾವೋ ಚಾರ್ಲಿ" ಎಂದು ತನ್ನ ಹೆಸರನ್ನು ಪೂರ್ತಿಯಾಗಿ ಹೇಳತಕ್ಕದ್ದು. ಗೋಪುರದವರು ಇಷ್ಟಪಟ್ಟಲ್ಲಿ, ಮೊದಲನೆಯ ಅಕ್ಷರವನ್ನೂ ಕೊನೆಯ ಎರಡನ್ನೂ ಉಳಿಸಿ, "ವಿಕ್ಟರ್ ಬ್ರಾವೋ ಚಾರ್ಲಿ" ಎನ್ನಬಹುದು. ಅವರು ಹಾಗೆ ಕರೆದ ಮೇಲೆಯೇ ಇವನೂ ಮೊಟಕು ಮಾಡಬಹುದು, ತಾನಾಗಿ ಮಾಡಕೂಡದು.

ಇಷ್ಟೇಕೆ ಬಿಗಿ? ನಮ್ಮ ತರಗತಿಯಲ್ಲಿ ಒಂದು ವರ್ಷ ಮೂವರು ನಾಗರಾಜರಿದ್ದರು. "ನಾಗರಾಜ, ನೀನು ಮನೆಗೆ ಹೋಗಬಹುದು" ಎಂದೊಡನೆ ಮೂವರೂ ಚೀಲವನ್ನು ಹೆಗಲಿಗೇರಿಸಿದರು. ಅಲ್ಲಿ ನಕ್ಕು ಮುಗಿಸಿದೆವು. ಆದರೆ ವಿ, ಟಿ, ಎ, ಬಿ, ಸಿ ಎಂಬ ವಿಮಾನವೂ ವಿ, ಟಿ, ಡಿ, ಬಿ, ಸಿ ಎಂಬ ವಿಮಾನವೂ ಒಟ್ಟಿಗೆ ಹಾರುತ್ತಿದ್ದರೆ ಎರಡರ ಮೊಟಕು ಹೆಸರೂ ಒಂದೇ ಆಗುವುದು! "ಇಳಿಯಬಹುದು" ಎಂದು ಒಬ್ಬನಿಗಿತ್ತ ಅಪ್ಪಣೆಯನ್ನು ಇನ್ನೊಬ್ಬನು ತೆಗೆದುಕೊಂಡರೆ ಏನಾದೀತು? ಆದುದರಿಂದಲೇ ವೈಮಾನಿಕನು ಅಪ್ಪಣೆಯನ್ನು ತನ್ನ ಹೆಸರಿನೊಡನೆ ಮರಳಿ ಒಪ್ಪಿಸಬೇಕು. ಬರಿಯ "ಆಗಲಿ" ಸಾಲದು. ತಪ್ಪಿದವನು ಉತ್ತರಿಸಿದರೆ ಗೋಪುರದವರು ಕೂಡಲೇ ತಿದ್ದುವರು.

ಇದನ್ನೆಲ್ಲ ತಿಳಿಸಿದ ಶಿಷ್ಯನು ಆ ಮೂವರಲ್ಲಿ ಒಬ್ಬನು. ಮೊನ್ನೆ ದೂರವಾಣಿಯಲ್ಲಿ "ಯಾರು?" ಎಂದೆವು. "ಮೇಷ್ಟ್ರೇ, ನಾನು" ಎಂದವನೇ ಊರು, ತಂದೆಯ ಹೆಸರು, ತನ್ನ ಹೆಸರು, ಓದಿದ ವರ್ಷ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದನು.