ಹತ್ತನೇ ತರಗತಿಯ ಸಂಜೆಗಳು

ಜೂನ್ 26 ಬಂತೆಂದರೆ ನಮ್ಮ ಶಾಲೆಗಳಲ್ಲಿ ಮಾದಕವಸ್ತು ವಿರೋಧಿ ಜಾಥಾ, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ. ಮರುದಿನ ಶಾಲೆ ಬಿಟ್ಟ ಮೇಲೆ ಅದೇ ಮಕ್ಕಳು ಎಲ್ಲಿರುತ್ತಾರೆ, ಯಾರ ಜೊತೆ ಇರುತ್ತಾರೆ ಎಂದು ವಿಚಾರಿಸುವವರು ಕಡಿಮೆ.

ಐಸ್‌ಲ್ಯಾಂಡ್ ದೇಶ ವಿಚಾರಿಸಿತು. 1998ರಲ್ಲಿ ಅಲ್ಲಿನ 15–16 ವಯಸ್ಸಿನವರಲ್ಲಿ ಶೇ. 42 ಮಂದಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದಾಗಿ ಸಮೀಕ್ಷೆಯಲ್ಲಿ ತಿಳಿಸಿದ್ದರು. 2016ಕ್ಕೆ ಅದು ಶೇ. 5ಕ್ಕೆ ಇಳಿಯಿತು. ಗಾಂಜಾ ಸೇದಿ ನೋಡಿದವರ ಪ್ರಮಾಣ ಶೇ. 17ರಿಂದ 7ಕ್ಕೆ ಬಂತು. ಅಮೆರಿಕದ ಮನಃಶಾಸ್ತ್ರಜ್ಞ ಹಾರ್ವಿ ಮಿಲ್ಕ್‌ಮನ್ ಅವರ ವಿಚಾರ ಅಲ್ಲಿ ಬೇರು ಬಿಟ್ಟಿತ್ತು: ಹರೆಯದ ಮನಸ್ಸು ಒಂದು ಬಗೆಯ ಉನ್ಮಾದವನ್ನು ಅರಸುತ್ತದೆ, ಅದನ್ನು ಕುಣಿತ, ಸಂಗೀತ, ಆಟಗಳೂ ಕೊಡಬಲ್ಲವು. ರಾಜಧಾನಿ ರೇಕ್ಯಾವಿಕ್‌ನಲ್ಲಿ ಇಂಥ ತರಬೇತಿಗೆಂದೇ ಪ್ರತಿ ಮಗುವಿನ ಹೆಸರಿನಲ್ಲಿ ನಗರಾಡಳಿತ ವರ್ಷವರ್ಷ ಹಣ ಕೊಡುತ್ತದೆ. ಬಡವರ ಮಗುವಿಗೂ ಪಿಟೀಲು, ಫುಟ್‌ಬಾಲ್ ಕೈಗೆಟುಕಿದ್ದು ಹೀಗೆ. ಆಟವೊಂದೇ ಎಲ್ಲವನ್ನೂ ಮಾಡಿತು ಎನ್ನಲಾಗದು. ಮಕ್ಕಳು ರಾತ್ರಿ ಹೊರಗಿರುವುದಕ್ಕೆ ಕಾನೂನಿನ ಗಡುವಿತ್ತು, ತಂದೆತಾಯಂದಿರು ಸರದಿಯ ಮೇಲೆ ಬೀದಿ ಸುತ್ತಿ ಕಣ್ಣಿಟ್ಟರು.

ಅಲ್ಲಿನ ಸಂಶೋಧಕರು ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ತರಬೇತುದಾರರ ಕೈಕೆಳಗೆ, ಕ್ಲಬ್ಬಿನಲ್ಲಿ ಕ್ರಮವಾಗಿ ಆಡುವ ಮಕ್ಕಳಲ್ಲಿ ಕುಡಿತ ಕಡಿಮೆ ಇತ್ತು. ಹೇಳುವವರು ಕೇಳುವವರಿಲ್ಲದೆ ತಮ್ಮಷ್ಟಕ್ಕೆ ಆಡುವವರಲ್ಲಿ ಆ ರಕ್ಷಣೆ ಕಾಣಲಿಲ್ಲ. ಅಂದರೆ ಬಯಲಿಗೆ ಒಂದು ಚೆಂಡು ಎಸೆದರೆ ಸಾಲದು. ಇವತ್ತು ಈ ಹುಡುಗನ ಮುಖ ಯಾಕೆ ಬಾಡಿದೆ ಎಂದು ಗಮನಿಸುವ ಹಿರಿಯರೊಬ್ಬರು ಅಲ್ಲಿರಬೇಕು.

ಐಸ್‌ಲ್ಯಾಂಡ್ ಕಣ್ಣಿಟ್ಟು ಅಳೆದದ್ದು ಹತ್ತನೇ ತರಗತಿಯ ವಯಸ್ಸನ್ನು. ನಾವು ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವುದು, ಸಂಗೀತದ ಪಾಠ ಬಿಡಿಸುವುದು ಅದೇ ವಯಸ್ಸಿನಲ್ಲಿ, ಎಸ್ಸೆಸ್ಸೆಲ್ಸಿಯ ಹೆಸರಿನಲ್ಲಿ. ಮಗು ಅತ್ಯಂತ ಒತ್ತಡದಲ್ಲಿರುವ ವರ್ಷದಲ್ಲೇ ಅದರ ಉಸಿರಾಟದ ಜಾಗವನ್ನು ಕಿತ್ತುಕೊಳ್ಳುವ ಈ ಪದ್ಧತಿ ನನ್ನನ್ನು ಕಂಗೆಡಿಸುತ್ತದೆ. ಶಾಲಾ ಮಕ್ಕಳ ಪ್ರತಿಭೆಗೆ ವೇದಿಕೆಯಾಗುವ ನಮ್ಮ ಪ್ರತಿಭಾ ಕಾರಂಜಿ ಒಳ್ಳೆಯ ಯೋಜನೆಯೇ. ಆದರೆ ಸ್ಪರ್ಧೆ ಗೆಲ್ಲುವವರನ್ನು ಮುಂದೆ ಕಳಿಸುತ್ತದೆ. ಗೆಲ್ಲದ, ಎಲ್ಲೂ ಹೆಸರು ಬಾರದ ಮಗುವಿಗೆ ದಿನವೂ ಹೋಗಿ ಸೇರಲು ಒಂದು ಗುಂಪು ಬೇಕು. ಉಡುಪಿಯ ಪ್ರೌಢಶಾಲೆಗಳಲ್ಲಿ ಗುರುಗಳು ಬಂದು ಯಕ್ಷಗಾನದ ಹೆಜ್ಜೆ ಕಲಿಸುವ ವ್ಯವಸ್ಥೆ ಈಗಾಗಲೇ ಇದೆ. ಅಂಥದ್ದೊಂದು ಪ್ರತಿ ತಾಲ್ಲೂಕಿನಲ್ಲೂ ಆಗಲಿ, ಖಾಲಿ ಬಿದ್ದಿರುವ ದೈಹಿಕ ಶಿಕ್ಷಕರ ಹುದ್ದೆಗಳು ತುಂಬಲಿ, ಹತ್ತನೆಯವರ ಆಟದ ಪೀರಿಯಡ್ಡನ್ನು ಯಾರೂ ಮುಟ್ಟದಿರಲಿ.