ನಾಣ್ಯದ ಮೇಲಿನ ದೇವಿ ಯಾರು?

ಕಳೆದ ದೀಪಾವಳಿಯಲ್ಲಿ ಅಂತರಘಟ್ಟೆಯ ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆ ನಡೆದಾಗ, ಅಜ್ಜಿಯವರು ಎಂದಿನಂತೆ ಕಲಶದ ಮುಂದೆ ಹಳೆಯ ಬೆಳ್ಳಿ ರೂಪಾಯಿಯೊಂದನ್ನಿಟ್ಟು ಕುಂಕುಮ ಹಚ್ಚಿದರು. ಇತಿಹಾಸದ ವಿದ್ಯಾರ್ಥಿಯೆಂಬ ಹೆಮ್ಮೆಯಿಂದ ನಾನು, “ಅಜ್ಜಿ, ಇದು ಲಕ್ಷ್ಮಿಯಲ್ಲ, ವಿಕ್ಟೋರಿಯಾ ರಾಣಿ” ಎಂದೆ. “ಅದು ನನಗೂ ಗೊತ್ತು ಕಣಪ್ಪ. ನಾನು ಕುಂಕುಮ ಹಚ್ಚಿದ್ದು ಬೆಳ್ಳಿಗೆ, ರಾಣಿಗಲ್ಲ” ಎಂದರು. ನಾನು ನಿರುತ್ತರನಾದೆ.

ನಾಣ್ಯದ ಮೇಲಿನ ಸ್ತ್ರೀ ಯಾರೆಂದು ಹೇಳುವುದು ನಾವೆಣಿಸುವಷ್ಟು ಸುಲಭವಲ್ಲ. ನಮ್ಮ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಇಂತಹ 163 ರೋಮನ್ ನಾಣ್ಯಗಳು ಸಿಕ್ಕಿದುವು. ಟೈಬೀರಿಯಸನ ಪ್ರಸಿದ್ಧ ನಾಣ್ಯದ ಹಿಂಬದಿಯಲ್ಲಿ ಒಂದು ಕೈಯಲ್ಲಿ ದಂಡ, ಇನ್ನೊಂದರಲ್ಲಿ ಕೊಂಬೆ ಹಿಡಿದು ಕುಳಿತ ಸ್ತ್ರೀಯೊಬ್ಬಳಿದ್ದಾಳೆ. ಸುತ್ತಲಿನ ಅಕ್ಷರಗಳು ಅವಳ ಹೆಸರನ್ನು ಹೇಳುವುದಿಲ್ಲ. ‘ಮಹಾಪುರೋಹಿತ’ ಎಂಬ ಚಕ್ರವರ್ತಿಯ ಬಿರುದನ್ನು ಹೇಳುತ್ತವೆ. ವಿದ್ವಾಂಸರು ಅವಳನ್ನು ಶಾಂತಿದೇವತೆ ಪ್ಯಾಕ್ಸ್ ಎಂದೋ, ಆ ರೂಪದಲ್ಲಿರುವ ರಾಜಮಾತೆ ಲಿವಿಯಾ ಎಂದೋ ಊಹಿಸುತ್ತಾರೆ.

ರೋಮನ್ ಪ್ರಾಂತಗಳ ನಗರಗಳು ತಾವೇ ಅಚ್ಚು ಹಾಕಿಸಿದ ನಾಣ್ಯಗಳು ಇನ್ನೂ ಸ್ವಾರಸ್ಯವಾದುವು. ಮುಂಬದಿಯಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಮುಖ. ಹಿಂಬದಿಯಲ್ಲಿ ಊರಿನ ದೇವರು. ಎಫೆಸಸ್ಸಿನ ಆರ್ಟೆಮಿಸ್ ಬಿಲ್ಲು ಹಿಡಿದ ಬೇಟೆಗಾರ್ತಿಯಾಗಿರದೆ, ಎರಡು ಜಿಂಕೆಗಳ ನಡುವೆ ಕಂಬದಂತೆ ನೆಟ್ಟಗೆ ನಿಂತ ಅಮ್ಮನಾಗಿಯೂ ಕಾಣುತ್ತಾಳೆ. ಸಿರಿಯಾದ ಎಮೆಸಾ ನಗರದ ನಾಣ್ಯದಲ್ಲಂತೂ ಗುಡಿಯೊಳಗೆ ಮುಖವೇ ಇಲ್ಲದ ಕಲ್ಲೊಂದಿದೆ; ಅದೇ ಆ ಊರಿನ ದೇವರಾದ ಎಲಗಬಾಲ. ರೋಮಿನ ಪುರಾಣವೊಂದನ್ನೇ ಓದಿದವನು ಇದನ್ನು ಗುರುತಿಸಲಾರ. ಗುಂಡುಕಲ್ಲಿಗೆ ಕೈಮುಗಿದು ಬೆಳೆದ ನಮ್ಮ ಹಳ್ಳಿಯ ಹುಡುಗನು ಬೇಗನೆ ಗುರುತಿಸಿಯಾನು!

ನನ್ನ ಅಭಿಪ್ರಾಯವಿಷ್ಟೆ: ಮೊದಲು ಕಂಡುದನ್ನು ಹೇಳೋಣ, ಆಮೇಲೆ ಹೆಸರಿಡೋಣ. ಕೈಯಲ್ಲೇನಿದೆ, ಕಾಲ ಬಳಿ ಯಾವ ಪ್ರಾಣಿ, ಯಾವ ಊರಿನ ಅಚ್ಚು ಎಂಬುದನ್ನು ನೋಡದೆ, ಸಿಂಹವನ್ನು ಕಂಡೊಡನೆ ದುರ್ಗೆಯೆನ್ನುವುದೂ, ಕೊಂಬೆಯನ್ನು ಕಂಡೊಡನೆ ಶಾಂತಿಯೆನ್ನುವುದೂ ಪಾಂಡಿತ್ಯವಾಗದು. ನಮ್ಮೂರಿನ ಅಂತರಘಟ್ಟಮ್ಮನನ್ನು ದುರ್ಗಾಂಬೆಯೆಂದೂ ಕರೆಯುತ್ತೇವೆ. ಎರಡು ಹೆಸರೂ ಆಕೆಗೆ ಸಲ್ಲುತ್ತವೆ. ಆದರೆ ಎರಡನೆಯದನ್ನು ಹೇಳಿಬಿಟ್ಟ ಮಾತ್ರಕ್ಕೆ ಮೊದಲನೆಯದರ ಕಥೆ ತಿಳಿದಂತಾಗಲಿಲ್ಲ. ಅದನ್ನು ತಿಳಿಯಬೇಕಾದರೆ ಎತ್ತಿನ ಗಾಡಿ ಹೂಡಿಕೊಂಡು ಜಾತ್ರೆಗೆ ಬರುವ ರೈತರನ್ನೇ ಕೇಳಬೇಕು.

ಪರದೇಶದ ನಾಣ್ಯದಿಂದ ನಮಗೇನು ಪ್ರಯೋಜನವೆಂದು ಕೆಲವು ಮಿತ್ರರು ಕೇಳಬಹುದು. ಉಳುವಾಗ ಸಿಕ್ಕಿದ ಹಳೆಯ ನಾಣ್ಯ ಅಕ್ಕಸಾಲಿಯ ಮೂಸೆಗೆ ಬಿದ್ದರೆ ಉಳಿಯುವುದು ನಾಲ್ಕು ಕಾಸಿನ ಬೆಳ್ಳಿ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ನಾಡಿಗೂ ಕಡಲಾಚೆಯ ನಾಡಿಗೂ ಇದ್ದ ನಂಟಿನ ಸಾಕ್ಷಿಯು ಕರಗಿಹೋಗುತ್ತದೆ. ಅಂತಹುದು ಸಿಕ್ಕಿದಲ್ಲಿ ಹುಣಿಸೆಹಣ್ಣು ಹಾಕಿ ಉಜ್ಜದೆ, ಸಿಕ್ಕಿದ ಜಾಗವನ್ನು ಬರೆದಿಟ್ಟು, ಸರ್ಕಾರಕ್ಕೆ ತಿಳಿಸುವುದು ವಿದ್ಯಾವಂತರ ಕರ್ತವ್ಯ.

ಅಜ್ಜಿಯವರ ರೂಪಾಯಿ ಈಗಲೂ ದೇವರ ಪೆಟ್ಟಿಗೆಯಲ್ಲಿದೆ. ಮುಂದಿನ ದೀಪಾವಳಿಗೆ ನಾನು ಪಾಠ ಹೇಳುವುದಿಲ್ಲ. ಅದು ನಮ್ಮ ಮನೆಗೆ ಬಂದ ಬಗೆಯನ್ನು ಅವರಿಂದಲೇ ಕೇಳಿ ಬರೆದುಕೊಳ್ಳುತ್ತೇನೆ.